ತಮ್ಮ ಪಂಚಾಯತಿಗೆ ನಿಲ್ತೀನಿ ಅಂತಾನೆ, ಅಮ್ಮ ಕುವೈಟ್‌ಗೆ ಹೋಗು ಅಂತಾಳೆ

ತೆನೆಹಬ್ಬದ ಹುಡುಗಿ
ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾವು ಬೆಳ್ತಂಗಡಿ ಕಡೆಯ ಕೊಂಕಣಿ ಕ್ಯಾಥೋಲಿಕರು. ನಾನು ಬೆಂಗಳೂರಿನಲ್ಲಿದ್ದೇನೆ. ಊರಲ್ಲಿ ಅಮ್ಮ ಮತ್ತು ತಮ್ಮ. ಅಪ್ಪ ಹೋಗಿ ಆರು ವರ್ಷ. ತಮ್ಮನಿಗೆ 27. ಒಂದೂವರೆ ಎಕರೆ ಅಡಿಕೆ ನೋಡಿಕೊಂಡು, ಊರವರ ಪಂಪ್ ರಿಪೇರಿ ಮಾಡಿಕೊಂಡು ಇದ್ದಾನೆ.

ಅವನು ಹುಟ್ಟಿದಾಗ ಏಳು ತಿಂಗಳ ಮಗು. ಉಳಿಯುವುದು ಕಷ್ಟ ಅಂದಿದ್ದರಂತೆ. ಅಮ್ಮ ಆಗ ಆಂಗವ್ಣ್, ಅಂದರೆ ಹರಕೆ, ಹೊತ್ತಳು. ಮಗು ಬದುಕಿದರೆ ದೇವರಿಗೇ ಕೊಡ್ತೇನೆ, ಪಾದ್ರಿ ಮಾಡ್ತೇನೆ ಅಂತ. ಪಿಯುಸಿ ಮುಗಿಸಿ ಸೆಮಿನರಿಗೆ ಹೋದ. ಹದಿನಾಲ್ಕು ತಿಂಗಳಿಗೆ ಟ್ರಂಕ್ ಹೊತ್ತುಕೊಂಡು ವಾಪಸ್ ಬಂದ. ಅಮ್ಮ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅವಳ ಆಸೆ ಕುವೈಟ್ ಕಡೆ ತಿರುಗಿತು. ಅಲ್ಲಿ ಮಾವ ಇದ್ದಾರೆ, ವೀಸಾ ಮಾಡಿಸ್ತೀನಿ ಅಂದಿದ್ದಾರೆ.

ಈಗ ಇವನು ಗ್ರಾಮ ಪಂಚಾಯತಿಗೆ ನಿಲ್ತೀನಿ ಅಂತ ಕೂತಿದ್ದಾನೆ. ಅಮ್ಮ ಹೇಳುವುದು ಒಂದೇ ಮಾತು: "ನಮ್ಮಂಥವರಿಗೆ ಅದೆಲ್ಲ ಯಾಕೆ?" ಫಾದರ್ ಬೇರೆ, ನಿಲ್ಲುವುದಾದರೆ ಚರ್ಚ್ ಪಾಲನಾ ಪರಿಷತ್ತಿನ ಕಾರ್ಯದರ್ಶಿ ಸ್ಥಾನ ಬಿಡು ಅಂದಿದ್ದಾರೆ. ಅದನ್ನು ಕೇಳಿ ಅಮ್ಮನಿಗೆ ಇದು ಪಾಪದ ಕೆಲಸವೇ ಅಂತ ಖಾತ್ರಿಯಾಗಿದೆ.

ನಾನು ಯಾರ ಪರ ನಿಲ್ಲಲಿ?

ಬಂಟ್ವಾಳದ ಬೋಂಡ
ಅದೆಲ್ಲ ಇರಲಿ, ವಾರ್ಡಿನ ಮೀಸಲಾತಿ ಏನು ಬಂದಿದೆ ನೋಡಿದಿರಾ? ಮಹಿಳೆ ಅಂತ ಬಂದರೆ ಚರ್ಚೆಯೇ ಮುಗೀತು 😀

ತೆನೆಹಬ್ಬದ ಹುಡುಗಿ
ಒಂದು ಸ್ಥಾನ ಸಾಮಾನ್ಯ ಆಗುತ್ತೆ ಅಂತ ಅವನ ಲೆಕ್ಕ. ಆಗದಿದ್ದರೆ ಅಮ್ಮನನ್ನೇ ನಿಲ್ಲಿಸ್ತೀನಿ ಅಂತಾನೆ. ಅದನ್ನು ಅಮ್ಮನ ಎದುರು ಹೇಳುವ ಧೈರ್ಯ ಇಲ್ಲ.

ದಿನಾರ್ ಮಾಮ್
ಅಕ್ಕಯ್ಯ, ನಾನೂ ಗಲ್ಫಿನಲ್ಲೇ 22 ವರ್ಷ ಕಳೆದವನು. ನಿಮ್ಮ ಅಮ್ಮ ಹೇಳುವುದರಲ್ಲಿ ತಪ್ಪೇನಿದೆ? ನಮ್ಮವರು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಹೊರಗೆ ದುಡಿದು. ರಾಜಕೀಯ ಮಾಡಿ ಯಾರು ಉದ್ಧಾರ ಆದರು?

ಇನ್ನೊಂದು ಮಾತು. 2008ರ ಸೆಪ್ಟೆಂಬರ್ 14, ಭಾನುವಾರ. ನಾನು ರಜೆಯಲ್ಲಿ ಊರಿಗೆ ಬಂದಿದ್ದೆ. ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯ್ತು ಅಂತ ಸುದ್ದಿ ಬಂದಾಗ ನನ್ನ ತಾಯಿ ಮೊದಲು ಮಾಡಿದ ಕೆಲಸ, ಬಾಗಿಲ ಮೇಲಿನ ಶಿಲುಬೆ ತೆಗೆದು ಅಕ್ಕಿ ಡಬ್ಬದೊಳಗೆ ಇಟ್ಟದ್ದು. ಆ ಅಮ್ಮಂದಿರಿಗೆ ಹೋಗಿ ನಿಮ್ಮ ಮಗನ ಫೋಟೋ ಫ್ಲೆಕ್ಸ್‌ನಲ್ಲಿ ಹಾಕ್ತೀವಿ ಅಂದರೆ ಹೆದರದೆ ಇರ್ತಾರಾ?

ಜಗಳಗಂಟ
ಡಬ್ಬದಲ್ಲಿ ಶಿಲುಬೆ ಇಟ್ಟ ಕಥೆ ಕೇಳಿ ಬೇಜಾರಾಯ್ತು ಮಾಮ್, ನಿಜ. ಆದರೆ ನಿಮ್ಮ ಉತ್ತರ ಅರ್ಥ ಆಗಲಿಲ್ಲ. ಹೆದರಿಕೆ ಇದ್ದರೆ ಪಂಚಾಯತಿಯಲ್ಲಿ ಒಬ್ಬ ನಮ್ಮವನು ಇರಬೇಕೋ, ಕುವೈಟ್‌ನಲ್ಲಿ ಇರಬೇಕೋ?

ದಿನಾರ್ ಮಾಮ್
ಮೊದಲು ಅಕ್ಕಿ ಡಬ್ಬ ತುಂಬಿರಬೇಕು ಮಾರಾಯ. ಆಮೇಲೆ ಉಳಿದದ್ದು.

ಹಳೇ ಸೆಮಿನರಿಯವ
ನಾನೂ ನಾಲ್ಕು ವರ್ಷ ಒಳಗಿದ್ದು ಹೊರಗೆ ಬಂದವನು. ಅದಕ್ಕೆ ಎರಡು ಮಾತು.

ಮೊದಲನೆಯದು ಆಂಗವ್ಣ್ ವಿಷಯ. ಇದನ್ನು ದಯವಿಟ್ಟು ಅಮ್ಮನಿಗೆ ಓದಿ ಹೇಳಿ. ಚರ್ಚಿನ ಕಾನೂನು ಸಂಹಿತೆ ಇದೆಯಲ್ಲ, 1983ರದ್ದು, ಅದರಲ್ಲಿ 1193ನೇ ನಿಯಮ. ಹರಕೆ ಹೊತ್ತವರನ್ನು ಮಾತ್ರ ಆ ಹರಕೆ ಕಟ್ಟಿಹಾಕುತ್ತದೆ, ಬೇರೆಯವರನ್ನಲ್ಲ. ಅಂದರೆ ಅಮ್ಮ ಹೊತ್ತದ್ದಕ್ಕೆ ಮಗ ಬದ್ಧನಲ್ಲ. ಅವನು ಹೊರಗೆ ಬಂದದ್ದರಿಂದ ದೇವರಿಗೆ ಕೊಟ್ಟ ಮಾತು ಮುರಿದ ಹಾಗೆ ಆಗಲಿಲ್ಲ. ಅಮ್ಮನ ಮನಸ್ಸಿಗೆ ಕಿರಿಕಿರಿ ಇದ್ದರೆ ಫಾದರ್ ಹತ್ತಿರ ಹೋಗಿ ಕೇಳಿದರಾಯ್ತು. ಹರಕೆಯನ್ನು ಬಿಡಿಸುವುದಕ್ಕೆ, ಬೇರೆ ಒಳ್ಳೆಯ ಕೆಲಸಕ್ಕೆ ಬದಲಿಸುವುದಕ್ಕೆ ದಾರಿ ಇದೆ. ನನ್ನ ಅಮ್ಮನೂ ಇಂಥದ್ದೇ ಭಾರ ಹೊತ್ತುಕೊಂಡು ಹತ್ತು ವರ್ಷ ನರಳಿದಳು. ಯಾರೂ ಹೇಳಿರಲಿಲ್ಲ.

ಎರಡನೆಯದು, ಫಾದರ್ ಸ್ಥಾನ ಬಿಡು ಅಂದದ್ದು. ಅದು ಪಾಪ ಅಂತ ಅಲ್ಲ. ಚುನಾವಣೆ ಸಮಯದಲ್ಲಿ ಚರ್ಚಿನ ಲೆಟರ್‌ಹೆಡ್ಡಿನಲ್ಲಿ ಅವನ ಸಹಿ ಇದ್ದರೆ, ಇಡೀ ಚರ್ಚ್ ಅವನ ಹಿಂದೆ ಇದೆ ಅಂತ ಊರು ಮಾತಾಡುತ್ತದೆ. ಫಾದರ್ ಜಾಣರು. ನಾನಾಗಿದ್ದರೂ ಹಾಗೇ ಹೇಳ್ತಿದ್ದೆ.

ಬಂಟ್ವಾಳದ ಬೋಂಡ
ನೀವು ಪಾದ್ರಿ ಆಗದಿದ್ದದ್ದು ನಷ್ಟ ಆಯ್ತು ಸರ್ 🙏

ಹಳೇ ಸೆಮಿನರಿಯವ
ನನ್ನ ಹೆಂಡತಿ ಒಪ್ಪುವುದಿಲ್ಲ.

ಮೂಲೆಮನೆ ಫ್ಲೋರಿನ್
ಸೆಮಿನರಿ ಬಿಟ್ಟು ರಾಜಕೀಯ ಅಂದ ಕೂಡಲೆ ಜಾರ್ಜ್ ಫರ್ನಾಂಡಿಸ್ ಹೆಸರು ಯಾಕೆ ಯಾರೂ ತೆಗೆಯಲಿಲ್ಲ? ಮಂಗಳೂರಿನ ಹುಡುಗ. 16ನೇ ವಯಸ್ಸಿಗೆ ಬೆಂಗಳೂರಿನ ಸೆಮಿನರಿಗೆ ಹೋದರು. ಮೇಲಿನವರಿಗೆ ಒಳ್ಳೆಯ ಊಟ, ಎತ್ತರದ ಮೇಜು, ಹುಡುಗರಿಗೆ ಬೇರೆ ಅಂತ ಬೇಸತ್ತು ಹೊರಗೆ ಬಂದರು. 1949ರಲ್ಲಿ ಮುಂಬೈ. ಫುಟ್‌ಪಾತಿನಲ್ಲಿ ಮಲಗಿ ಕಾರ್ಮಿಕ ನಾಯಕ ಆದರು. 1967ರಲ್ಲಿ ಮುಂಬೈ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರಂಥವರನ್ನೇ ಸೋಲಿಸಿದರು. 1977ರಲ್ಲಿ ಜೈಲಿನಲ್ಲಿ ಕೂತು ಬಿಹಾರದ ಮುಜಾಫರ್‌ಪುರದಿಂದ ಗೆದ್ದರು. ಅಮ್ಮನಿಗೆ ಈ ಕಥೆ ಹೇಳಿ.

ದಿನಾರ್ ಮಾಮ್
ಜೈಲು, ಫುಟ್‌ಪಾತ್... ಒಳ್ಳೆ ಉದಾಹರಣೆ ಕೊಟ್ಟಿರಿ ಒಬ್ಬ ತಾಯಿಗೆ! 😂

ಲೆಕ್ಕದ ಮೇಷ್ಟ್ರು
ಫ್ಲೋರಿನ್ ಅವರೇ, ಒಂದು ಸೇರಿಸಲಿ. ಅಷ್ಟೆಲ್ಲ ಗೆದ್ದ ಜಾರ್ಜ್ ಕರ್ನಾಟಕದಲ್ಲಿ ಗೆದ್ದಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫರ ಎದುರು ಸೋತರು. ಊರು ಬಿಟ್ಟವರನ್ನು ಊರು ಬೇಗ ಮರೆಯುತ್ತದೆ.

ಜಗಳಗಂಟ
ಮತ್ತೆ ಜಾರ್ಜ್ ಚರ್ಚಿನಿಂದ ದೂರವೇ ಉಳಿದವರು. ಅವರನ್ನು "ನಮ್ಮ ಕ್ಯಾಥೋಲಿಕ್ ನಾಯಕ" ಅಂತ ಹೇಗೆ ಹೇಳ್ತೀರಿ? ಗೆದ್ದ ಮೇಲೆ ಎಲ್ಲರೂ ನಮ್ಮವರು.

ಹಳೇ ಸೆಮಿನರಿಯವ
ದೂರ ಅಂದರೆ ಪೂರ್ತಿ ದೂರವೂ ಅಲ್ಲ. 2019ರಲ್ಲಿ ತೀರಿಕೊಂಡಾಗ ದೆಹಲಿಯಲ್ಲಿ ದಹನ ಮಾಡಿದರು, ಆಮೇಲೆ ಚಿತಾಭಸ್ಮವನ್ನು ಕ್ರೈಸ್ತರ ಸ್ಮಶಾನದಲ್ಲಿ ಹೂಳಿದರು. ಎರಡೂ ಅವರ ಆಸೆಯಂತೆ. ಮನುಷ್ಯ ಕೊನೆಯ ತನಕ ಒಂದು ಕಡೆ ಪೂರ್ತಿ ಸೇರಲಿಲ್ಲ ಅನ್ನಿ.

ಮೂಲೆಮನೆ ಫ್ಲೋರಿನ್
ಸರಿ ಬಿಡಿ, ಆಸ್ಕರ್ ಫರ್ನಾಂಡಿಸ್ ಆಗಬಹುದಾ? ಉಡುಪಿ ಪುರಸಭೆಯಿಂದ ಶುರು ಮಾಡಿದವರು. ಆಮೇಲೆ 1980ರಿಂದ ಸತತ ಐದು ಸಲ ಲೋಕಸಭೆ. ಅವರಿಗೆ ಓಟು ಹಾಕಿದವರೆಲ್ಲ ಕ್ಯಾಥೋಲಿಕರಾ? ಉಡುಪಿಯಲ್ಲಿ ನಮ್ಮ ಸಂಖ್ಯೆ ಎಷ್ಟು ಅಂತ ಎಲ್ಲರಿಗೂ ಗೊತ್ತು.

ಲೆಕ್ಕದ ಮೇಷ್ಟ್ರು
ಇದು ಮುಖ್ಯ ಮಾತು. 2011ರ ಜನಗಣತಿ ಪ್ರಕಾರ ಇಡೀ ರಾಜ್ಯದಲ್ಲಿ ಕ್ರೈಸ್ತರು ಎಲ್ಲ ಪಂಗಡ ಸೇರಿ ಶೇ 1.87. ದಕ್ಷಿಣ ಕನ್ನಡದಲ್ಲೇ ಸುಮಾರು ಶೇ 8. ಬರೀ ನಮ್ಮವರ ಓಟಿನಲ್ಲಿ ಶಾಸಕ ಆಗುವುದು ಎಲ್ಲೂ ಸಾಧ್ಯವಿಲ್ಲ. ಆದರೆ ಪಂಚಾಯತಿ ಲೆಕ್ಕವೇ ಬೇರೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಲ್ಲಿ ಜಾತಿ ಧರ್ಮಕ್ಕಿಂತ "ನನ್ನ ಮನೆ ನಲ್ಲಿಯಲ್ಲಿ ನೀರು ಬಂತಾ" ಅನ್ನುವುದೇ ಜಾಸ್ತಿ ಓಡುತ್ತದೆ. ಪಕ್ಷದ ಚಿಹ್ನೆಯೂ ಇಲ್ಲ.

ಜಗಳಗಂಟ
ಚಿಹ್ನೆ ಇಲ್ಲ, ಪಕ್ಷ ಇದೆ. ಯಾವ ಹುಡುಗ ಯಾವ ಪಕ್ಷದ ಬೆಂಬಲಿತ ಅಂತ ಅಂಗಡಿ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಿರುತ್ತೆ ಮೇಷ್ಟ್ರೇ.

ಚಾರ್ಮಾಡಿ ಚೇಟನ್
ನಮ್ಮದು ಸಿರೋ ಮಲಬಾರ್, ಕೇರಳ ಮೂಲದ ಕ್ಯಾಥೋಲಿಕ್ ಪಂಗಡ. ಅಜ್ಜ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ನಿಮ್ಮ ಚರ್ಚೆ ನೋಡಿ ನಗು ಬರುತ್ತೆ. ನಮ್ಮ ಅಜ್ಜನ ಊರಲ್ಲಿ ರಾಜಕೀಯ ಮಾತಾಡದ ಕ್ಯಾಥೋಲಿಕ ಅಂದರೆ ಅವನಿಗೆ ಜ್ವರ ಇರಬೇಕು. 1957ರಲ್ಲಿ ಕೇರಳದ ಇಎಂಎಸ್ ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಶಿಕ್ಷಣ ಮಸೂದೆ ತಂದಾಗ ಚರ್ಚಿನವರೇ ಬೀದಿಗೆ ಇಳಿದರು. 1959ರ ಜುಲೈನಲ್ಲಿ ಸರ್ಕಾರವೇ ಹೋಯಿತು. ಅಜ್ಜಿ ಆಗ ಮೆರವಣಿಗೆಗೆ ಹೋಗಿದ್ದರಂತೆ, ಕಂಕುಳಲ್ಲಿ ನಮ್ಮಪ್ಪ.

ಹಳೇ ಸೆಮಿನರಿಯವ
ಚೇಟಾ, ಅದನ್ನು ಹೆಮ್ಮೆಯಿಂದ ಹೇಳಬೇಕಾ ಅಂತ ನನಗೆ ಅನುಮಾನ. ಚುನಾಯಿತ ಸರ್ಕಾರ ಉರುಳಿಸಲು ಚರ್ಚ್ ಸೇರಿದ್ದು ಒಳ್ಳೆಯ ಲಕ್ಷಣ ಅಲ್ಲ. ಕ್ಯಾಥೋಲಿಕನೊಬ್ಬ ರಾಜಕೀಯ ಮಾಡುವುದು ಬೇರೆ, ಚರ್ಚೇ ಪಕ್ಷ ಆಗುವುದು ಬೇರೆ.

ಚಾರ್ಮಾಡಿ ಚೇಟನ್
ಅಜ್ಜಿ ಇದ್ದಿದ್ದರೆ ನಿಮಗೆ ಉತ್ತರ ಕೊಡ್ತಿದ್ದರು. ನನ್ನಿಂದಾಗುವುದಿಲ್ಲ 😄

ಕೊಳ್ಳೇಗಾಲದ ಕೂಸು
ಕರಾವಳಿಯವರ ಮಾತು ಕೇಳ್ತಾ ಇದ್ದೆ. ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನಾವು ಕನ್ನಡ ಕ್ರೈಸ್ತರು, ದಲಿತರು. ನಮ್ಮನೇಲಿ "ಕುವೈಟಾ ಪಂಚಾಯತಿಯಾ" ಅನ್ನುವ ಪ್ರಶ್ನೆ ಇಲ್ಲ. ಸರ್ಟಿಫಿಕೇಟಲ್ಲಿ ಏನು ಬರೆಸಬೇಕು ಅನ್ನುವುದೇ ಪ್ರಶ್ನೆ.

1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಾವು ಇನ್ನೂ ಹೊರಗೆ. ನಮ್ಮ ಬೀದಿಗೆ ಎಸ್‌ಸಿ ಮೀಸಲು ಸ್ಥಾನ ಬಂತು. ನಮ್ಮ ದೊಡ್ಡಪ್ಪನ ಮಗ ಬುದ್ಧಿವಂತ, ಊರೆಲ್ಲ ಅವನನ್ನೇ ನಿಲ್ಲಿಸೋಣ ಅಂತು. ದೀಕ್ಷಾಸ್ನಾನದ ರಿಜಿಸ್ಟರಲ್ಲಿ ಹೆಸರಿದೆ, ನಿಲ್ಲೋ ಹಾಗಿಲ್ಲ. ದೊಡ್ಡಮ್ಮ ಆವತ್ತು ರಾತ್ರಿ ಹೇಳಿದ ಮಾತು ನನಗೆ ಮರೆಯಲ್ಲ. "ಸ್ವಾಮಿ ಕೈ ಬಿಡಲ್ಲ ಅಂತ ಹೋದ್ವಿ, ಸರ್ಕಾರ ಕೈ ಬಿಡ್ತು" ಅಂದರು.

ನಿಮ್ಮ ತಮ್ಮನಿಗೆ ನಿಲ್ಲಲು ಅವಕಾಶ ಇದೆ. ನಿಲ್ಲಲಿ ಬಿಡಿ.

ತೆನೆಹಬ್ಬದ ಹುಡುಗಿ
ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ ಅಣ್ಣ. ನಮ್ಮ ಮನೆಯಲ್ಲಿ ಈ ವಿಷಯ ಒಂದು ದಿನ ಮಾತಾಡಿದ್ದಿಲ್ಲ.

ಕೊಳ್ಳೇಗಾಲದ ಕೂಸು
ಚರ್ಚಲ್ಲೂ ಮಾತಾಡಲ್ಲ ಅಕ್ಕ. ಅದು ಇನ್ನೊಂದು ದಿನದ ಜಗಳ.

ಬಂಟ್ವಾಳದ ಬೋಂಡ
ಕ್ರೈಸ್ತರಿಗೆ ವಿಧಾನಸಭೆಯಲ್ಲಿ ಒಂದು ನಾಮನಿರ್ದೇಶನ ಸೀಟು ಇತ್ತಲ್ವಾ? ಅದು ಏನಾಯ್ತು?

ಲೆಕ್ಕದ ಮೇಷ್ಟ್ರು
ಅದು ಕ್ರೈಸ್ತರಿಗಲ್ಲ, ಆಂಗ್ಲೋ ಇಂಡಿಯನ್ ಸಮುದಾಯಕ್ಕೆ. 2020ರ ಜನವರಿಗೆ ಅದೂ ನಿಂತಿತು. ನಮಗೆ ಪ್ರತ್ಯೇಕ ಸೀಟು ಬೇಡ ಅಂತ ಸಂವಿಧಾನ ಸಭೆಯ ಹೊತ್ತಿಗೇ ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ಆ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಒಬ್ಬರು ಇದ್ದರು ಅಂತ ಎಷ್ಟು ಜನಕ್ಕೆ ಗೊತ್ತು? ಫಾದರ್ ಜೆರೋಮ್ ಡಿಸೋಜಾ. ಮದ್ರಾಸ್ ಪ್ರಾಂತ್ಯದಿಂದ ಹೋದವರು. ಆಮೇಲೆ ವಿಶ್ವಸಂಸ್ಥೆಗೂ ಭಾರತದ ಪರವಾಗಿ ಹೋದರು.

ಜಗಳಗಂಟ
ಹಾಗಾದರೆ ಪಾದ್ರಿ ಆಗಿಯೂ ರಾಜಕೀಯ ಮಾಡಬಹುದಿತ್ತು! ಅಮ್ಮನ ಆಸೆ, ತಮ್ಮನ ಆಸೆ ಎರಡೂ ಒಟ್ಟಿಗೆ. ಯಾಕೆ ವಾಪಸ್ ಬಂದ?

ಹಳೇ ಸೆಮಿನರಿಯವ
ಈಗ ಆಗಲ್ಲ ಮಾರಾಯ. ಅದೇ 1983ರ ಸಂಹಿತೆಯ 285ನೇ ನಿಯಮ, ಸರ್ಕಾರಿ ಅಧಿಕಾರ ನಡೆಸುವ ಹುದ್ದೆ ಪಾದ್ರಿಗಳಿಗೆ ಬೇಡ ಅನ್ನುತ್ತದೆ. ಅಮೆರಿಕದಲ್ಲಿ ರಾಬರ್ಟ್ ಡ್ರಿನನ್ ಅನ್ನುವ ಜೆಸ್ವಿಟ್ ಪಾದ್ರಿ ಹತ್ತು ವರ್ಷ ಸಂಸದರಾಗಿದ್ದರು. ಪೋಪ್ ಎರಡನೇ ಜಾನ್ ಪಾಲ್ ಸಾಕು ಅಂದರು, 1980ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಪಾದ್ರಿಗಳಿಗೆ ಬೇಡ ಅಂದದ್ದೇ, ಅದು ಸಾಮಾನ್ಯ ವಿಶ್ವಾಸಿಗಳ ಕೆಲಸ ಅಂತ. ಎರಡನೇ ವ್ಯಾಟಿಕನ್ ಸಭೆ 1965ರಲ್ಲೇ ಹೇಳಿದೆ, ಜನರ ಒಳ್ಳೆಯದಕ್ಕಾಗಿ ಸಾರ್ವಜನಿಕ ಹೊಣೆ ಹೊರುವವರನ್ನು ಚರ್ಚ್ ಮೆಚ್ಚುತ್ತದೆ ಅಂತ. 2000ದಲ್ಲಿ ರಾಜಕಾರಣಿಗಳಿಗೆ ಒಬ್ಬ ಪಾಲಕ ಸಂತರನ್ನೂ ಕೊಟ್ಟರು. ಥಾಮಸ್ ಮೋರ್.

ದಿನಾರ್ ಮಾಮ್
ಅವರ ತಲೆ ಕಡಿದರು ಅಲ್ವಾ?

ಹಳೇ ಸೆಮಿನರಿಯವ
ಹೌದು. ಅದನ್ನು ಅಮ್ಮನಿಗೆ ಹೇಳಬೇಡಿ.

ಮಾಜಿ ಮೆಂಬರ್
ನಾನು ಒಂದು ಅವಧಿಗೆ ಪಂಚಾಯತಿ ಸದಸ್ಯೆ ಆಗಿದ್ದವಳು. ನಾನೂ ಕ್ಯಾಥೋಲಿಕ್, ಮೂರು ಮಕ್ಕಳ ತಾಯಿ. ಮಹಿಳಾ ಮೀಸಲು ಬಂದದ್ದರಿಂದ ನಿಂತೆ, ಸುಮ್ನೆ ಹೇಳುವುದಿಲ್ಲ. ಇಲ್ಲಿ ವ್ಯಾಟಿಕನ್, ಸಂವಿಧಾನ ಸಭೆ ಎಲ್ಲ ಬಂತು. ಪಂಚಾಯತಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಫೋನ್. ನೀರು ಬಿಡುವವನು ಬಂದಿಲ್ಲ. ಏಳಕ್ಕೆ ಇನ್ನೊಂದು. ದಾರಿದೀಪ ಹಗಲೂ ಉರಿಯುತ್ತಿದೆ. ಹತ್ತಕ್ಕೆ ಪಂಚಾಯತಿಗೆ ಹೋದರೆ ಪಿಡಿಒ ತಾಲೂಕು ಆಫೀಸಿಗೆ ಹೋಗಿದ್ದಾರೆ. ಒಬ್ಬರಿಗೆ ಮನೆ ಜಾಗದ 9/11 ನಮೂನೆ ದಾಖಲೆ ಬೇಕು, ಇ-ಸ್ವತ್ತು ಸರ್ವರ್ ಇಲ್ಲ. ಬೈಯುವುದು ನನ್ನನ್ನು. ಗೌರವಧನ ಪೆಟ್ರೋಲಿಗೂ ಸಾಲುವುದಿಲ್ಲ. ಯಾರೋ ಸತ್ತರೆ ಮೊದಲು ಹೋಗಬೇಕು, ಯಾರದೋ ಮದುವೆಗೆ ಕೊನೆಯ ತನಕ ಇರಬೇಕು. ಗ್ರಾಮ ಸಭೆಯಲ್ಲಿ ಮೊದಲ ಸಲ ಮೈಕ್ ಕೊಟ್ಟಾಗ ನನ್ನ ಕೈ ನಡುಗಿ ಮೈಕ್ ಹಲ್ಲಿಗೆ ಬಡಿಯಿತು.

ಆದರೆ ಒಂದು ನೆನಪಿದೆ. ನಮ್ಮ ವಾರ್ಡಿನ ಕೊನೆಗೆ ಒಂದು ಕಾಲೊನಿ, ಹನ್ನೊಂದು ಮನೆ. ಮಳೆಗಾಲದಲ್ಲಿ ತೋಡು ದಾಟಲು ಅಡಿಕೆ ಮರದ ಪಾಪು, ಅಂದರೆ ಮರ ಅಡ್ಡ ಹಾಕಿದ ಸಂಕ. ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಎರಡು ವರ್ಷ ಓಡಾಡಿ ಒಂದು ಕಾಲುಸಂಕ ಮಾಡಿಸಿದೆ. ಸಿಮೆಂಟಿನದ್ದು, ಕಂಬಿ ಇದೆ. ಅದರ ಮೇಲೆ ನನ್ನ ಹೆಸರಿಲ್ಲ, ಬೋರ್ಡಿನಲ್ಲಿ ದೊಡ್ಡವರ ಹೆಸರೇ. ಆದರೂ ಭಾನುವಾರ ಪೂಜೆಗೆ ಹೋಗುವಾಗ ಸುತ್ತು ಬಳಸಿ ಆ ದಾರಿಯಲ್ಲೇ ಹೋಗ್ತೇನೆ.

ನಿಮ್ಮ ತಮ್ಮನಿಗೆ ಪಂಪ್ ರಿಪೇರಿ ಬರುತ್ತದೆ ಅಂದಿರಿ. ನೀರಿನ ಸಮಿತಿಗೆ ಅಂಥವನೇ ಬೇಕು. ಒಂದೇ ಮಾತು ಹೇಳಿ. ಇಗರ್ಜಿ (ಚರ್ಚ್) ಅಂಗಳದಲ್ಲಿ ಓಟು ಕೇಳಬಾರದು, ಧರ್ಮದ ಹೆಸರೆತ್ತಿ ಓಟು ಕೇಳುವುದು ಕಾನೂನಿನಲ್ಲೂ ತಪ್ಪು. ಬಾಟಲಿ ಹಂಚಬಾರದು. ಇವೆರಡು ಪಾಲಿಸಿದರೆ ಅಮ್ಮನಿಗೆ ಕುಂಪಸಾರಕ್ಕೆ (ಪಾಪನಿವೇದನೆಗೆ) ಹೋಗುವಾಗ ಹೇಳಲು ಏನೂ ಇರುವುದಿಲ್ಲ.

ಮೂಲೆಮನೆ ಫ್ಲೋರಿನ್
ಮೆಂಬರ್ ಬಾಯಿ, ಕಣ್ಣು ಒದ್ದೆ ಆಯ್ತು. ಮತ್ತೆ ಯಾಕೆ ನಿಲ್ಲಲಿಲ್ಲ?

ಮಾಜಿ ಮೆಂಬರ್
ಮೀಸಲಾತಿ ಬದಲಾಯ್ತು. ಮತ್ತೆ ಮಗಳ ಮದುವೆ, ಅದರ ಹಿಂದಿನ ದಿನದ ರೋಸ್ ಶಾಸ್ತ್ರ, ಸಾಲ. ಗೊತ್ತಲ್ಲ.

ಬಂಟ್ವಾಳದ ಬೋಂಡ
ರೋಸ್ ಅಂದ ಕೂಡಲೆ ನೆನಪಾಯ್ತು, ಸಣ್ಣಾಸಿಗೆ (ನಮ್ಮ ಇಡ್ಲಿಗೆ) ಈಗಲೂ ಶೇಂದಿ ಹಾಕುವವರು ಯಾರಾದರೂ ಇದ್ದೀರಾ? ನಮ್ಮಲ್ಲಿ ಯೀಸ್ಟ್ ಹಾಕಿ ಬ್ರೆಡ್ಡಿನ ವಾಸನೆ.

ದಿನಾರ್ ಮಾಮ್
ಶೇಂದಿ ಇಲ್ಲದ ಸಣ್ಣಾಸ್ ಸಣ್ಣಾಸೇ ಅಲ್ಲ. ಇಲ್ಲಿ ನಾವು ತೆಂಗಿನ ನೀರನ್ನು ಒಂದು ರಾತ್ರಿ ಹುಳಿ ಬರಿಸಿ ಹಾಕ್ತೇವೆ. ನಡೆಯುತ್ತದೆ.

ಜಗಳಗಂಟ
ವಿಷಯಕ್ಕೆ ಬನ್ನಿ ಮಾರಾಯ್ರೆ. (ತೆಂಗಿನ ನೀರು ಎಷ್ಟು ಹಾಕಬೇಕು?)

ಪಕ್ಕದ್ಮನೆ ಶೆಟ್ರು
ನಾನು ನಿಮ್ಮ ಧರ್ಮದವನಲ್ಲ, ಆದರೂ ಹೇಳ್ತೇನೆ. ನಮ್ಮ ವಾರ್ಡಿನಲ್ಲೂ ಒಬ್ಬ ಕ್ರಿಶ್ಚಿಯನ್ ಹುಡುಗ ನಿಂತಿದ್ದ. ಒಳ್ಳೆಯವನು. ಸೋತ. ಯಾಕೆ ಗೊತ್ತಾ? ಚುನಾವಣೆಗೆ ಹದಿನೈದು ದಿನ ಇರುವಾಗ ಮೊದಲ ಸಲ ನಮ್ಮ ಮನೆ ಮೆಟ್ಟಿಲು ಹತ್ತಿದ. ನಮ್ಮ ದೈವದ ನೇಮಕ್ಕೆ ಬರಲಿಲ್ಲ, ಮದುವೆಗೆ ಬರಲಿಲ್ಲ. ಅವರ ಚರ್ಚಿನ ಹಬ್ಬಕ್ಕೆ ನಮ್ಮನ್ನು ಕರೆಯಲೂ ಇಲ್ಲ. ನಿಮ್ಮವರ ಕಷ್ಟ ನಿಮಗೆ. ಆದರೆ ಬೇಲಿಯ ಒಳಗೇ ಇದ್ದುಕೊಂಡು ಬೇಲಿಯ ಆಚೆಯ ಓಟು ಕೇಳಿದರೆ ಹೇಗೆ?

ದಿನಾರ್ ಮಾಮ್
ಶೆಟ್ರೆ, ಬೇಲಿ ನಾವೊಬ್ಬರೇ ಹಾಕಿದ್ದಲ್ಲ.

ಪಕ್ಕದ್ಮನೆ ಶೆಟ್ರು
ಅದೂ ಸರಿ. ಒಪ್ಪಿದೆ.

ತೆನೆಹಬ್ಬದ ಹುಡುಗಿ
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಶನಿವಾರ ಊರಿಗೆ ಹೋದೆ. ಹರಕೆಯ ನಿಯಮ ಅಮ್ಮನಿಗೆ ಓದಿ ಹೇಳಿದೆ. "ಫೋನಿನಲ್ಲಿ ಬಂದದ್ದೆಲ್ಲ ನಿಜ ಅಲ್ಲ" ಅಂದಳು. ಭಾನುವಾರ ಪೂಜೆ ಮುಗಿದ ಮೇಲೆ ತಾನೇ ಫಾದರ್ ಹತ್ತಿರ ಹೋಗಿ ಇಪ್ಪತ್ತು ನಿಮಿಷ ಮಾತಾಡಿದಳು. ಏನು ಮಾತಾಡಿದಳು ನಮಗೆ ಹೇಳಲಿಲ್ಲ. ಬರುವ ದಾರಿಯಲ್ಲಿ ಮೀನು ತಗೊಂಡಳು. ತಮ್ಮ ಸೆಮಿನರಿಯಿಂದ ಬಂದ ಮೇಲೆ ಭಾನುವಾರ ಮೀನು ತರುವುದನ್ನೇ ಬಿಟ್ಟಿದ್ದಳು.

ತಮ್ಮ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ. ಕುವೈಟ್ ಮಾವನಿಗೆ ಒಂದು ವರ್ಷ ಕಾಯಿರಿ ಅಂದಿದ್ದಾನೆ. ಸೋತರೆ ಹೋಗ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದಾನೆ, ಹಾಗಾಗಿ ಅಮ್ಮ ಯಾವುದಕ್ಕೆ ಪ್ರಾರ್ಥನೆ ಮಾಡ್ತಿದ್ದಾಳೆ ಅಂತ ನಮಗೆ ಗ್ಯಾರಂಟಿ ಇಲ್ಲ.

ರಾತ್ರಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಯಿತು. ಬೆಸಾಂವ್ (ಆಶೀರ್ವಾದ) ಕೇಳಿ ನಾವು ಎದ್ದೆವು. ಅಮ್ಮ ಮಾತ್ರ ಆಲ್ತಾರಿನ ಎದುರು ಕೂತೇ ಇದ್ದಳು, ಮಣಿ ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ. ಇನ್ನೊಂದು ತೇರ್ಸ್ ಇರಬೇಕು ಅಂತ ಹತ್ತಿರ ಹೋಗಿ ಕೇಳಿದರೆ "ಮೇಲಿನ ಮನೆ ಬಾಬು, ಹಾಕ್ತಾನೆ. ಗೇಟಿನ ಹತ್ತಿರದ ಪೂಜಾರ್ರು, ಹಾಕ್ತಾರೆ. ಮೈಮುನಾ, ಹಾಕ್ತಾಳೆ, ಪಂಪ್ ಸರಿ ಮಾಡಿ ಕೊಟ್ಟಿದ್ದಾನಲ್ಲ." ಒಂದೊಂದು ಮನೆಗೆ ಒಂದೊಂದು ಮಣಿ!

ಬಂಟ್ವಾಳದ ಬೋಂಡ
🤣🤣 ಎಷ್ಟಾಯ್ತು ಲೆಕ್ಕ?

ತೆನೆಹಬ್ಬದ ಹುಡುಗಿ
41 ಮನೆ ಖಾತ್ರಿ. 12 ಡೌಟು. ಡೌಟಿನಲ್ಲಿ ಮೊದಲನೆಯದು ಅಮ್ಮನ ಸ್ವಂತ ತಮ್ಮನ ಮನೆ.